ಹೊಳಲ್ಕೆರೆ ಮೇಷ್ಟ್ರ ಗಾಡಿ

ನಾನು ಸುಮ್ಮಸುಮ್ಮನೆ ಹೊಟ್ಟೆಕಿಚ್ಚು ಪಡುವ ಮನುಷ್ಯ ಅಲ್ಲ. ನನ್ನ ತಮ್ಮ ಚಿತ್ರದುರ್ಗದಲ್ಲಿ ಮಹಡಿ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಜಾಸ್ತಿಯೇ ತಿಂದು ಬಂದೆ. ನನಗಿಂತ ಚಿಕ್ಕವರು ಹೆಡ್‌ಮಾಸ್ಟರ್ ಆದಾಗ ಹಾರ ಹಾಕಿ ಫೋಟೋಕ್ಕೆ ನಿಂತೆ. ದೇವರು ನನಗೆ ಕೊಟ್ಟ ಹೊಟ್ಟೆಕಿಚ್ಚನ್ನೆಲ್ಲ ಒಬ್ಬನಿಗಾಗಿಯೇ ತೆಗೆದಿಟ್ಟಿದ್ದೆ. ಅವನು ಹೋದ ತಿಂಗಳು ತೀರಿಕೊಂಡ. ಈಗ ಅದನ್ನು ಎಲ್ಲಿ ಇಡುವುದು ಅಂತ ಗೊತ್ತಾಗದೆ ಬರೆಯಲು ಕೂತಿದ್ದೇನೆ.

ಹೆಸರು ಹೇಳುವುದಿಲ್ಲ. ಹೇಳಿದರೆ ಅದೂ ಅವನಿಗೇ ಲಾಭ. 'ಹೊಳಲ್ಕೆರೆ ಮೇಷ್ಟ್ರು' ಅಂದರೆ ಸಾಕು, ಜಿಲ್ಲೆಯ ಅರ್ಧ ಜನಕ್ಕೆ ಗೊತ್ತಾಗುತ್ತದೆ. ಹೊಳಲ್ಕೆರೆಯಲ್ಲಿ ಮೇಷ್ಟ್ರುಗಳಿಗೇನು ಬರವೇ? ಆದರೂ ಹಾಗೆಂದರೆ ಅವನೊಬ್ಬನೇ. ನಾನೂ ಅವನಷ್ಟೇ ಕಾಲ ಹೊಸದುರ್ಗದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಸೀಮೆಸುಣ್ಣ ಸವೆಸಿದವನು. ನನ್ನನ್ನು ಎಲ್ಲರೂ 'ಡ್ರಾಯಿಂಗ್ ಸಾರ್' ಅಂದರು. ಊರಿನ ಹೆಸರು ಹಿಡಿದು 'ಹೊಸದುರ್ಗದೋನು' ಅಂತ ಕರೆದವನು ಅವನೊಬ್ಬನೇ, ಅದನ್ನೂ ತಮಾಷೆಗೆ ಕರೆದ.

ನಮ್ಮಿಬ್ಬರ ಪೈಪೋಟಿ, ಅಂದರೆ ನನ್ನೊಬ್ಬನ ಪೈಪೋಟಿ, ಇದ್ದದ್ದು ಜನವರಿ ಇಪ್ಪತ್ತಾರರ ಸ್ತಬ್ಧಚಿತ್ರದ ಮೇಲೆ. ಆ ದಿನ ಚಿತ್ರದುರ್ಗದ ಕ್ರೀಡಾಂಗಣದಲ್ಲಿ ಬಾವುಟ ಹಾರಿಸಿ, ಪೆರೇಡು ಮುಗಿದ ಮೇಲೆ, ತಾಲ್ಲೂಕಿಗೊಂದು ಟ್ರ್ಯಾಕ್ಟರ್ ಟ್ರೈಲರು ಸಿಂಗಾರ ಮಾಡಿಕೊಂಡು ಗಣ್ಯರ ಮುಂದೆ ಹಾದುಹೋಗುತ್ತಿತ್ತು. ದೇಶಭಕ್ತಿ ಅದರ ವಿಷಯ. ಕಟ್ಟುವ ಕೆಲಸ ಆಯಾ ತಾಲ್ಲೂಕಿನ ಡ್ರಾಯಿಂಗ್ ಮೇಷ್ಟ್ರ ತಲೆಗೆ. ಭಾಷಣ ಮಾಡುವವರು ಅದನ್ನು ಸ್ತಬ್ಧಚಿತ್ರ ಅನ್ನುತ್ತಿದ್ದರು, ನಾವು ಗಾಡಿ ಅನ್ನುತ್ತಿದ್ದೆವು. ಚಿತ್ರದುರ್ಗದವರು ಪ್ರತಿ ವರ್ಷ ಕೋಟೆ, ಕಿಂಡಿ, ಒನಕೆ ತರುತ್ತಿದ್ದರು. ಹಿರಿಯೂರಿನವರು ಪ್ರತಿ ವರ್ಷ ತಮ್ಮ ಅಣೆಕಟ್ಟನ್ನೇ ತರುತ್ತಿದ್ದರು, ಅದು ಪ್ರತಿ ವರ್ಷ ಗಣ್ಯರ ಮುಂದೆ ಬಂದಾಗಲೇ ಸೋರುತ್ತಿತ್ತು. ಅವರಿಬ್ಬರ ಭಯ ನನಗಿರಲಿಲ್ಲ.

ನನಗಿದ್ದ ಆಸೆ ಒಂದೇ. ನನ್ನ ಗಾಡಿ ಹಾದುಹೋಗುವಾಗ ಜನ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಬೇಕು. ಪಕ್ಕದವರನ್ನು ತಿವಿದು 'ಇದನ್ನ ಯಾರು ಕಟ್ಟಿದ್ದು?' ಅಂತ ಕೇಳಬೇಕು. ಪಕ್ಕದವರು ನನ್ನ ಹೆಸರು ಹೇಳಬೇಕು. ಬಹುಮಾನ ಬಂದರೆ ಸಂತೋಷ, ಬರದಿದ್ದರೂ ನಡೆಯುತ್ತಿತ್ತು. ಆದರೆ ಆ ಪ್ರಶ್ನೆ ಬೇಕಿತ್ತು. ಅವನ ಗಾಡಿಗೆ ಅದು ಪ್ರತಿ ವರ್ಷ ಬೀಳುತ್ತಿತ್ತು. ನಾನು ನನ್ನ ಕಿವಿಯಾರೆ ಕೇಳಿಸಿಕೊಳ್ಳುತ್ತಿದ್ದೆ.

ಈ ರೋಗ ಓದುವಾಗಲೇ ಹತ್ತಿದ್ದು. ಚಿತ್ರದುರ್ಗದಲ್ಲಿ ಚಿತ್ರಕಲೆ ಕಲಿಯುವಾಗ ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಒಂದು ಭಾನುವಾರ ಚಂದ್ರವಳ್ಳಿಗೆ ಹೋಗಿ ಬಂಡೆಗಳನ್ನು ಬರೆದು ತನ್ನಿ ಅಂತ ನಮ್ಮ ಗುರುಗಳು ಹೇಳಿದ್ದರು. ನಾನು ಬೆಳಗ್ಗೆಯಿಂದ ಬಿಸಿಲಿನಲ್ಲಿ ಕೂತು ಒಂದು ಬಂಡೆಯ ಬಿರುಕು ಬಿರುಕನ್ನೂ ಬಿಡದೆ ಬರೆದೆ. ಅವನು ಅದೇ ಬಂಡೆಯ ಮೇಲೆ ಟವೆಲ್ಲನ್ನು ಮುಖಕ್ಕೆ ಹಾಕಿಕೊಂಡು ಮಲಗಿದ. ಹೊತ್ತು ಇಳಿದ ಮೇಲೆ ಎದ್ದು, ನನ್ನ ಪೆನ್ಸಿಲನ್ನೇ ಇಸಕೊಂಡು, ಪಟಪಟ ನಾಲ್ಕು ಗೀಟು ಎಳೆದ. ಮಾರನೇ ದಿನ ಗುರುಗಳು ನನ್ನ ಚಿತ್ರ ನೋಡಿ 'ಶ್ರಮ ಕಾಣ್ತದೆ' ಅಂದರು. ಅವನ ಚಿತ್ರವನ್ನು ಗೋಡೆಗೆ ಅಂಟಿಸಿದರು.

'ಅದೆಂಗ್ ಬಂತಲೇ ನಿನಗೆ?' ಅಂತ ಕೇಳಿದೆ.

'ನೀನು ಬಂಡೆ ನೋಡ್ಕಂಡು ಕುಂತಿದ್ದೆ. ನಾನು ಅದರ ಮ್ಯಾಲೆ ಮಲಗಿದ್ದೆ. ಬೆನ್ನಿಗೆ ಎಲ್ಲಾ ಗೊತ್ತಾಗ್ತೈತೆ ಕಣಪ್ಪ' ಅಂದ.

ಗೋಡೆಯ ಮೇಲಿನ ಚಿತ್ರವನ್ನು ಆಮೇಲೆ ನಾನು ಬಹಳ ಹೊತ್ತು ನೋಡಿದೆ. ನಿಜ ಹೇಳಬೇಕೆಂದರೆ ಬಂಡೆ ಅಲ್ಲಿತ್ತು. ನನ್ನ ಪೆನ್ಸಿಲು ಮಾತ್ರ ವಾಪಸ್ ಬರಲಿಲ್ಲ.

ನೋಡಲಿಕ್ಕೆ ಹೇಗಿದ್ದ ಅಂದರೆ, ಚೆನ್ನಾಗಿದ್ದ. ಅದೂ ನನ್ನ ಒಂದು ತಕರಾರು. ಎತ್ತರ, ಅಗಲ ಹಣೆ, ಎಲೆಅಡಿಕೆ ಹಾಕಿದರೂ ಕೆಡದ ಹಲ್ಲು. ಕಿವಿಯ ಮೇಲೆ ಸದಾ ಒಂದು ಬ್ರಷ್ಷು ಸಿಕ್ಕಿಸಿಕೊಂಡಿರುತ್ತಿದ್ದ, ಅದನ್ನು ಬಣ್ಣದಲ್ಲಿ ಅದ್ದಿದ್ದನ್ನು ನಾನು ಕಂಡದ್ದು ಕಡಿಮೆ. ಜಂಬವೂ ಇತ್ತು. 'ನನ್ನಂಗೆ ಗಾಡಿ ಕಟ್ಟೋನು ಈ ಸೀಮೇಲಿ ಹುಟ್ಟಿಲ್ಲ' ಅಂತ ಬಾಯಿ ತುಂಬ ಹೇಳಿಕೊಳ್ಳುತ್ತಿದ್ದ. ಬೇರೆ ಯಾರಾದರೂ ಹಾಗಂದರೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅವನು ಅಂದರೆ ನಕ್ಕು ಟೀ ಕುಡಿಸುತ್ತಿದ್ದರು. ನಾನು ಒಂದು ಸಲ, ಒಂದೇ ಒಂದು ಸಲ, 'ಈ ವರ್ಷ ನನ್ನದು ಚೆನ್ನಾಗಿದೆ' ಅಂದಿದ್ದಕ್ಕೆ ಸ್ಟಾಫ್ ರೂಮಿನಲ್ಲಿ 'ಡ್ರಾಯಿಂಗ್ ಸಾರ್‌ಗೆ ಅಹಂಕಾರ ಬಂತು' ಅಂತ ಮಾತಾಯಿತು.

ಗಾಡಿಗಳನ್ನೆಲ್ಲ ಕ್ರೀಡಾಂಗಣದ ಹಿಂದಿನ ಬಯಲಿನಲ್ಲಿ ಕಟ್ಟುತ್ತಿದ್ದೆವು. ನಾನು ದೀಪಾವಳಿ ಮುಗಿದ ಕೂಡಲೇ ಅಳತೆ ಹಾಕಿ ನಕ್ಷೆ ಬರೆದುಕೊಳ್ಳುತ್ತಿದ್ದೆ. ಥರ್ಮೋಕೋಲು ಎಷ್ಟು, ಪ್ಲೈವುಡ್ ಎಷ್ಟು, ಬಣ್ಣ ಎಷ್ಟು, ಎಲ್ಲ ಮೊದಲೇ ಗೊತ್ತು. ಬಯಲಿಗೆ ಹೋದ ಕೂಡಲೇ ನನ್ನ ಗಾಡಿಯ ಸುತ್ತ ಶಾಮಿಯಾನದ ಬಟ್ಟೆ ಕಟ್ಟಿಸಿಬಿಡುತ್ತಿದ್ದೆ, ಯಾರೂ ನೋಡಬಾರದು, ನೋಡಿ ಕದಿಯಬಾರದು. ಅವನು ಬಟ್ಟೆಯ ಸಂದಿಯಿಂದ ತಲೆ ತೂರಿಸಿ, 'ಏನಲೇ ಇದು, ಬಾಣಂತಿ ಕೋಣೆ ಮಾಡ್ಕಂಡು ಕುಂತೀಯ? ಹೆಣ್ಣೋ ಗಂಡೋ?' ಅನ್ನುತ್ತಿದ್ದ. ನನ್ನ ಕಡೆ ಕೆಲಸ ಮಾಡುವ ಬಡಗಿ ಕೂಡ ನಗುತ್ತಿದ್ದ. ನನ್ನ ಸಂಬಳದ ಬಡಗಿ!

ಅವನದು ನಕ್ಷೆ ಇಲ್ಲ, ಪರದೆ ಇಲ್ಲ. ಖಾಲಿ ಟ್ರೈಲರ್ ತಂದು ಹುಣಸೆಮರದ ಕೆಳಗೆ ನಿಲ್ಲಿಸಿ, ಅದರ ಸುತ್ತ ತಿರುಗುತ್ತಿದ್ದ. ಮಧ್ಯಾಹ್ನ ಅದರ ಅಡಿಯಲ್ಲೇ ನಿದ್ದೆ. 'ಖಾಲಿ ಗಾಡಿ ಬಾಳ ಚೆಂದ ಇರ್ತೈತಲೇ. ನಾವು ಏನ್ ಇಟ್ರೂ ಅದು ಕೆಡ್ತೈತೆ. ಅದ್ಕೇ ಕಮ್ಮಿ ಇಡಬೇಕು' ಅನ್ನುತ್ತಿದ್ದ. ಸೋಮಾರಿತನಕ್ಕೆ ಇಂಥ ಒಳ್ಳೆಯ ಹೆಸರು ಕೊಡುವವರನ್ನು ನಾನು ಬೇರೆ ಕಂಡಿಲ್ಲ.

ಆದರೆ ಅವನು ಗಾಡಿ ಕಟ್ಟುವ ಕೆಲಸ ಶುರುಮಾಡುತ್ತಿದ್ದದ್ದು ಬಯಲಿನಲ್ಲಿ ಅಲ್ಲ, ಹೊಳಲ್ಕೆರೆ ಬಸ್‌ಸ್ಟಾಂಡಿನಲ್ಲಿ. ಇದು ನನಗೆ ತಡವಾಗಿ ಗೊತ್ತಾಯಿತು. ಡಿಸೆಂಬರಿನಲ್ಲಿ ಏನೋ ಕೆಲಸಕ್ಕೆ ಅಲ್ಲಿಗೆ ಹೋದಾಗ, ಅವನು ಟೀ ಅಂಗಡಿಯ ಕಲ್ಲಿನ ಮೇಲೆ ಕೂತು ಬಸ್ಸು ಕಾಯುವವರನ್ನು ನೋಡುತ್ತಿದ್ದ.

'ಏನ್ ನೋಡ್ತಾ ಇದೀಯಲೇ?' ಅಂದೆ.

'ಕುಂತ್ಕಳ್ಳಾಕೆ ಬರೋರ್ ಯಾರವ್ರೆ ಅಂತ. ನಿಂತ್ಕಳ್ಳೋರು ಬೇಕಾದಷ್ಟು ಸಿಗ್ತಾರೆ. ಕುಣಿಯೋರಂತೂ ಬಿಡು. ಸುಮ್ನೆ ಕುಂತ್ಕಳ್ಳೋರು ಸಿಗಲ್ಲ. ಅಗೋ ನೋಡು ಆ ಯಪ್ಪ, ಬಸ್ ಬರಲಿ ಬಿಡಲಿ ಅಂಗೇ ಅವ್ನೆ. ಅವನ್ನ ಈ ಸಲ ಒಯ್ತೀನಿ.'

ನಾವೆಲ್ಲ ಶಾಲೆಯ ಮಕ್ಕಳಿಗೆ ಮೀಸೆ ಬರೆದು ಗಾಡಿ ಹತ್ತಿಸುತ್ತಿದ್ದೆವು. ಟ್ರ್ಯಾಕ್ಟರು ಜಗ್ಗಿದಾಗ ಅವು ತೂರಾಡಿ, ಕಿಸಕ್ಕನೆ ನಕ್ಕು, ಕತ್ತಿ ಬೀಳಿಸುತ್ತಿದ್ದವು. ಅವನು ಬಸ್‌ಸ್ಟಾಂಡಿನಿಂದ ಆರಿಸಿ ತಂದವರನ್ನು ಟ್ರೈಲರಿನ ಮೇಲೆ ಕೂರಿಸಿ, ರಸ್ತೆಯ ಹಂಪುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿ ಅಭ್ಯಾಸ ಮಾಡಿಸುತ್ತಿದ್ದ. ಅವರ ಬೆನ್ನ ಹಿಂದೆ ಕಾಣದ ಹಾಗೆ ಒಂದು ಗೂಟ ಹೊಡೆದು, ಪಂಚೆಯಿಂದ ಸೊಂಟವನ್ನು ಅದಕ್ಕೆ ಬಿಗಿದಿರುತ್ತಿದ್ದ. ಅಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಮಡಿಸಿದ ಕೌದಿ. 'ಗಾಡಿ ಅಲ್ಲಾಡ್ಲಿ, ನೀವ್ ಅಲ್ಲಾಡಬ್ಯಾಡ್ರಿ' ಅನ್ನುವುದು ಅವನ ಮಂತ್ರ. ಅದನ್ನು ನಾನೂ ಕದಿಯಬಹುದಿತ್ತು. ಗೂಟ ಹೊಡೆಯುವುದೇನು ಬ್ರಹ್ಮವಿದ್ಯೆಯೇ? ಆದರೆ ಅವನಿಂದ ಕಲಿತು ಅವನನ್ನು ಗೆದ್ದರೆ ಅದು ನನ್ನ ಗೆಲುವಾಗುತ್ತಿರಲಿಲ್ಲ. ಹಾಗಾಗಿ ನಾನು ಅಲ್ಲಾಡುವ ಗಾಡಿಯನ್ನೇ ಕಟ್ಟುತ್ತ ಹೋದೆ.

ಅಲ್ಲಾಡುವುದರಲ್ಲಿ ನನ್ನ ಸಾಧನೆ ಚಕ್ರ. ಬಾವುಟದ ಚಕ್ರವನ್ನು ಆಳೆತ್ತರ ಮಾಡಿ, ಗಾಡಿಯ ಪಕ್ಕಕ್ಕೆ, ಗಣ್ಯರ ಕಡೆ ಮುಖ ಮಾಡಿ ನಿಲ್ಲಿಸಿದ್ದೆ. ಹಿಟ್ಟಿನ ಗಿರಣಿಯ ಹಳೆಯ ಮೋಟರು ಹಾಕಿ, ಬಾಡಿಗೆ ಜನರೇಟರಿಗೆ ಜೋಡಿಸಿದ್ದೆ. ಗಾಡಿ ಸಾಗುತ್ತಿದ್ದ ಹಾಗೆ ಚಕ್ರವೂ ಮುಂದಕ್ಕೆ ಉರುಳುತ್ತದೆ, ದೇಶ ಮುನ್ನಡೆಯುತ್ತದೆ, ಇದು ಕಲ್ಪನೆ. ಪರದೆಯೊಳಗೆ ಅದು ತಿರುಗಿದ್ದನ್ನು ನೋಡಿ ನನ್ನ ಹೆಂಡತಿ ಕೈಮುಗಿದಿದ್ದಳು. ಇಪ್ಪತ್ತಾರರ ಬೆಳಗ್ಗೆ ಜನರೇಟರಿನ ಭಾರ ಒಂದೇ ಕಡೆಗಾಯಿತು ಅಂತ ಅದನ್ನು ಬಿಚ್ಚಿ ಹಿಂದಕ್ಕಿಟ್ಟು, ಅವಸರದಲ್ಲಿ ನಾನೇ ವೈರು ಮತ್ತೆ ಜೋಡಿಸಿದೆ. ವೈರು ಅದಲುಬದಲಾದರೆ ಮೋಟರು ಉಲ್ಟಾ ತಿರುಗುತ್ತದೆ ಅನ್ನುವುದು ಬೋರ್‌ವೆಲ್ಲಿನ ನೀರು ಕುಡಿದು ಬದುಕುವ ನಮ್ಮ ಜಿಲ್ಲೆಯಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ನನಗೆ ಆ ಹೊತ್ತಿಗೆ ಮರೆತುಹೋಗಿತ್ತು.

ಗಾಡಿ ಗಣ್ಯರ ಮುಂದೆ ಬಂತು. ಸ್ವಿಚ್ಚು ಒತ್ತಿದೆ. ಗಾಡಿ ಮುಂದಕ್ಕೆ ಹೋಗುತ್ತಿದೆ, ಚಕ್ರ ಹಿಂದಕ್ಕೆ ಉರುಳುತ್ತಿದೆ. ಮೊದಲು ನಕ್ಕವರು ರೈತರು. 'ಸಾರ್, ದೇಶ ರಿವರ್ಸ್ ಗೇರಲ್ಲೈತೆ!' ಅಂತ ಯಾರೋ ಕೂಗಿದರು. ಆಮೇಲೆ ಇಡೀ ಮೈದಾನ ನಕ್ಕಿತು. 'ಎರಡು ವೈರ್ ತಿರುಗಿಸ್ರೀ' ಅಂತ ಮೈದಾನದ ಅಷ್ಟೂ ಜನ ನನಗೆ ಪಾಠ ಹೇಳಿದರು.

ಅವನು ಟೀ ಹಿಡಿದುಕೊಂಡು ಬಂದ. ನಕ್ಕಿದ್ದರೆ ಕ್ಷಮಿಸುತ್ತಿದ್ದೆ. ನಗಲಿಲ್ಲ. 'ಬಿಡಲೇ. ಚಕ್ರ ಬಾಳ ಚೆಂದ ಕೊರ್ದಿದ್ದೆ. ಉಲ್ಟಾ ತಿರುಗಿದ್ದಕ್ಕೇ ಜನ ಅದರ ಕಡೆ ನೋಡಿದ್ದು. ಸೀದಾ ತಿರುಗಿದ್ರೆ ಯಾರ್ ನೋಡ್ತಿದ್ರು?' ಅಂದ. ಸಮಾಧಾನ ಮಾಡಲಿಕ್ಕೆ ಬಂದು ಗಾಯಕ್ಕೆ ಉಪ್ಪು ಸವರಿ ಹೋದ. ಆ ವರ್ಷವೂ ಮೊದಲ ಬಹುಮಾನ ಅವನದೇ. ಏನು ಮಾಡಿದ್ದ ಅಂತ ನೆನಪಿಲ್ಲ, ನೆನಪಿಟ್ಟುಕೊಳ್ಳುವ ಮನಸ್ಸೂ ಇರಲಿಲ್ಲ.

ನೆನಪಿರುವುದು ಈಚಲು ಮರದ ವರ್ಷ. ಮರೆಯಲು ಎಷ್ಟೋ ಪ್ರಯತ್ನಪಟ್ಟಿದ್ದೇನೆ.

ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ನಮ್ಮ ಸೀಮೆಯ ಜನ ಸೇಂದಿ ಇಳಿಸುವ ಈಚಲು ಮರಗಳನ್ನು ಕಡಿದು ಜೈಲಿಗೆ ಹೋಗಿದ್ದರು. ನಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದ ಕಥೆ ಅದು. ಆ ವರ್ಷ ನಾನು ಅದನ್ನೇ ಆರಿಸಿಕೊಳ್ಳಬಹುದಿತ್ತು. ನಾನು ಕೆಂಪುಕೋಟೆ ಕಟ್ಟಿದೆ. ಅವನ ಗಾಡಿಯ ಮೇಲೆ ಇದ್ದದ್ದು ಒಂದು ಕಡಿದು ಬಿದ್ದ ಈಚಲು ಮರ, ನಿಜವಾದದ್ದು, ಗರಿ ಸಮೇತ. ಮರದ ಬೊಡ್ಡೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಹೊಳಲ್ಕೆರೆ ಬಸ್‌ಸ್ಟಾಂಡಿನಲ್ಲಿ ಸೊಪ್ಪು ಮಾರುವವಳು. ಮೊಣಕಾಲಿನ ಮೇಲೆ ಅಡ್ಡಲಾಗಿ ಕೊಡಲಿ. ಅಷ್ಟೇ. ಬಾವುಟ ಇಲ್ಲ, ಘೋಷಣೆ ಇಲ್ಲ, ಹಾಡು ಇಲ್ಲ. ಕೆಲಸ ಮುಗಿಸಿ, ಇನ್ನು ಪೊಲೀಸರು ಬರಲಿ ಅಂತ ಕಾಯುತ್ತಿರುವವಳ ಹಾಗೆ ಕೂತಿದ್ದಳು. ಟ್ರ್ಯಾಕ್ಟರು ಗಣ್ಯರ ಮುಂದೆ ಗುಂಡಿಗೆ ಇಳಿದು ಜಗ್ಗಿತು. ಈಚಲ ಗರಿ ಅಲುಗಿತು. ಅವಳು ಅಲುಗಲಿಲ್ಲ.

ಮೈದಾನದಲ್ಲಿ ಟ್ರ್ಯಾಕ್ಟರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೈಕಿನವನು ಓದಬೇಕಾದ್ದನ್ನು ಓದುವುದು ಮರೆತ. ಗಣ್ಯರ ಸಾಲಿನಲ್ಲಿ ಒಬ್ಬರು ಎದ್ದು ನಿಂತರು, ಅವರನ್ನು ನೋಡಿ ಎಲ್ಲರೂ ಎದ್ದರು. ನನ್ನ ಹಿಂದೆ ಯಾರೋ ಕೇಳಿದರು, 'ಇದನ್ನ ಯಾರು ಕಟ್ಟಿದ್ದು?' ಅದಕ್ಕೆ ಇನ್ಯಾರೋ ಉತ್ತರ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆ ನೀರಿಗೆ ನಾನು ಬೈದುಕೊಂಡೆ. ನನ್ನ ಕಣ್ಣು, ಅವನ ಗಾಡಿಗೆ ಒದ್ದೆಯಾಗಿದ್ದು ನನಗೆ ಸಹಿಸಲಾಗಲಿಲ್ಲ.

ಹೊಸದುರ್ಗದ ಬಸ್ಸಿನಲ್ಲಿ ಹೆಂಡತಿ ತಡೆಯಲಾರದೆ, 'ಆ ಅಜ್ಜಿ ಹೆಂಗ್ ಕುಂತಿದ್ಲು ನೋಡಿದ್ರಾ?' ಅಂದಳು.

'ಕೆಂಪುಕೋಟೆ ನೋಡಿದ್ಯಾ?' ಅಂದೆ.

'ಅದೂ ಚೆನ್ನಾಗಿತ್ತು' ಅಂದಳು. ಆ 'ಅದೂ' ಇದೆಯಲ್ಲ, ಅದನ್ನು ನುಂಗಿಕೊಂಡು ಮನೆಗೆ ಹೋದೆ, ಊಟ ಬೇಕಾಗಲಿಲ್ಲ.

ಮುಂದಿನ ವರ್ಷ ದೇವರ ಕಾಲನ್ನೇ ಹಿಡಿಯೋಣ ಅಂತ ಹಾಲುರಾಮೇಶ್ವರಕ್ಕೆ ಹೋದೆ. ಅಲ್ಲಿಯ ಗಂಗೆಯ ಕೊಳದ ಮುಂದೆ ಬೇಡಿಕೊಂಡರೆ ಆಗುತ್ತದೆ ಅಂತ ನಮ್ಮೂರು ಮಾಡದಕೆರೆಯ ಕಡೆಯವರಿಗೆಲ್ಲ ಬಹಳ ನಂಬಿಕೆ. ಕಣ್ಣು ಮುಚ್ಚಿ ಬೇಡಿಕೊಂಡು ಕಣ್ಣು ಬಿಟ್ಟರೆ ಪಕ್ಕದಲ್ಲಿ ಅವನು, ಹೆಂಡತಿಯ ಜೊತೆ, ಹಣ್ಣುಕಾಯಿ ಹಿಡಿದುಕೊಂಡು.

'ಏನ್ ಬೇಡ್ಕಂಡ್ಯಲೇ?' ಅಂದ.

'ಮಳೆ' ಅಂದೆ.

'ನಾನು ನಿನಗೇ ಬೇಡ್ಕಂಡೆ ಕಣಪ್ಪ. ಈ ಸಲನಾದ್ರೂ ಹೊಸದುರ್ಗದೋನಿಗೆ ಫಸ್ಟ್ ಬರ್ಲಿ, ಇಲ್ಲಾಂದ್ರೆ ಸೊರಗಿ ಹೋಗ್ತಾನೆ ಅಂತ.' ಅವನ ಹೆಂಡತಿಯೂ 'ಹೂನ್ರಿ ಅಣ್ಣಾರೆ, ಖರೇನೇ ಬೇಡ್ಕಂಡ್ರು' ಅಂದರು. ಅವನ ಪ್ರಾರ್ಥನೆಯಿಂದ ಗೆಲ್ಲುವುದಕ್ಕಿಂತ ಸೋಲುವುದು ಮೇಲು ಅನ್ನಿಸಿತು. ಗಂಗಮ್ಮ ನನ್ನ ಮನಸ್ಸು ತಿಳಿದವಳು. ಆ ವರ್ಷವೂ ಎರಡನೆಯವನಾದೆ.

ನನ್ನ ಕೆಲಸದ ಬಗ್ಗೆ ಅವನು ಮನಸ್ಸಿಟ್ಟು ಮಾತಾಡಿದ್ದು ಒಂದೇ ಸಲ. ಬಯಲಿನಲ್ಲಿ ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದು, ನನ್ನ ಡಬ್ಬಿಯಿಂದ ಅಡಿಕೆ ಆರಿಸಿಕೊಳ್ಳುತ್ತ ಹೇಳಿದ: 'ನಿನ್ನ ಕೈ ನನ್ನ ಕೈಗಿಂತ ಶುದ್ಧ ಕಣಲೇ. ಸುಳ್ಳಲ್ಲ. ಆದ್ರೆ ಎಲ್ಲಾನೂ ನೀನೇ ಹೇಳ್ಬುಡ್ತೀಯ. ನೋಡೋರಿಗೆ ಏನೂ ಉಳಿಸಲ್ಲ.' ಮೊದಲ ಮಾತಿಗೆ ಎದೆ ಉಬ್ಬಿತು, ಎರಡನೆಯ ಮಾತಿಗೆ ಇಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಬಿಡಿಸಲು ಬರದವನು ಬಿಡಿಸುವವನಿಗೆ ಬುದ್ಧಿ ಹೇಳಿದ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಮನಸ್ಸಿನಲ್ಲಿ ಆ ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕೂತುಬಿಟ್ಟಿತು.

ಆಮೇಲೆ ಅವನು ನನಗಿಂತ ಒಂದು ವರ್ಷ ಮೊದಲು ನಿವೃತ್ತನಾದ. ಬೀಳ್ಕೊಡುಗೆಯಲ್ಲಿ ನನ್ನನ್ನೂ ಮಾತಾಡಲು ಕರೆದರು. ನಾನು ಅವನನ್ನು ಹೊಗಳಿದೆ, ಹೊಗಳುವುದು ನನಗೆ ಕಷ್ಟವಾಗಲಿಲ್ಲ. ಅಷ್ಟು ವರ್ಷ ಅವನ ಗಾಡಿಗಳನ್ನು ನನ್ನಷ್ಟು ಕಣ್ಣಿಟ್ಟು ನೋಡಿದವರು ಯಾರಿದ್ದರು?

ಮುಂದಿನ ಜನವರಿಯಲ್ಲಿ ಮೊದಲ ಬಹುಮಾನ ನನಗೆ ಬಂತು. ಹೊಳಲ್ಕೆರೆಗೆ ಹೊಸದಾಗಿ ಬಂದ ಮೇಷ್ಟ್ರು ಎಲ್ಲೋ ಬಾಡಿಗೆಗೆ ಸಿಗುವ ಫೈಬರಿನ ಭಾರತಮಾತೆಯನ್ನು ತಂದು ನಿಲ್ಲಿಸಿದ್ದರು. ಹಿರಿಯೂರಿನ ಅಣೆಕಟ್ಟು ಎಂದಿನಂತೆ ಸೋರಿತು. ಮೈಕಿನವನು ನನ್ನ ಹೆಸರು ಹೇಳುವ ಮೊದಲು, 'ಈ ವರ್ಷ ಹೊಳಲ್ಕೆರೆ ಮೇಷ್ಟ್ರ ಗಾಡಿ ಇಲ್ಲದ ಕೊರತೆ ಎದ್ದು ಕಾಣುತ್ತಿದೆ' ಅಂದ. ಫಲಕ ಕೈಗೆ ಬಂದಾಗ ಅದು ತಣ್ಣಗಿತ್ತು. ಜನರ ನಡುವೆ ಅವನು ಕೂತಿದ್ದ, ಟವೆಲ್ ತಲೆಗೆ ಹಾಕಿಕೊಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತ. ಆಮೇಲೆ ಬಂದು ನನ್ನ ಹೆಗಲು ಹಿಡಿದು, 'ಸಿಕ್ತಲ್ಲಲೇ ಕೊನೆಗೂ' ಅಂದ. 'ಚೆನ್ನಾಗೈತೆ' ಅನ್ನಲಿಲ್ಲ. ಯಾರೂ ಯಾರನ್ನೂ 'ಯಾರು ಕಟ್ಟಿದ್ದು' ಅಂತ ಕೇಳಲೂ ಇಲ್ಲ.

ಅದಾದ ಮೇಲೆ ನಾನೂ ನಿವೃತ್ತನಾದೆ. ವಿಚಿತ್ರ ಏನೆಂದರೆ, ಅವನು ಕಟ್ಟುವುದು ನಿಂತ ಮೇಲೆ ನನಗೂ ಕೈ ಓಡಲಿಲ್ಲ. ಮನೆಯಲ್ಲಿ ಬಣ್ಣ ಇತ್ತು, ಹಾಳೆ ಇತ್ತು, ಬೇಕಾದಷ್ಟು ಹೊತ್ತು ಇತ್ತು. ಕಿಚ್ಚು ಇರಲಿಲ್ಲ.

ಹೋದ ತಿಂಗಳು ಒಂದು ಬೆಳಗ್ಗೆ ಅವನ ಹೆಂಡತಿಯ ಫೋನು. ಸಕ್ಕರೆ ಕಾಯಿಲೆ ಇತ್ತು, ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರಲಿಲ್ಲ. ಅತ್ತು ಮುಗಿಸಿ ಆಕೆ ಹೇಳಿದರು: 'ಅಣ್ಣಾರೆ, ನೀವು ಬೇಗ ಬರಬೇಕು. ಗಾಡಿ ನೀವೇ ಕಟ್ಟಬೇಕಂತೆ. ಹಿಂದೇನೇ ಹೇಳಿದ್ರು. ನನ್ ಗಾಡಿ ಹೊಸದುರ್ಗದೋನು ಕಟ್ಲಿ, ಬ್ಯಾರೆಯೋರು ಕಟ್ಟಿದ್ರೆ ನಾನು ಅಲ್ಲಾಡ್ತೀನಿ ಅಂದಿದ್ರು.'

ನಮ್ಮಲ್ಲಿ ಲಿಂಗಾಯತರು ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೀಸಿ, ವಿಭೂತಿ ಹಚ್ಚಿ, ಕೂರಿಸಿ ಒಯ್ಯುತ್ತಾರೆ. ಮೊದಲೆಲ್ಲ ಬಿದಿರಿನ ವಿಮಾನ ಕಟ್ಟಿ ಹೆಗಲ ಮೇಲೆ ಹೊರುತ್ತಿದ್ದರು, ಈಗ ಹೆಚ್ಚಾಗಿ ಟ್ರ್ಯಾಕ್ಟರ್ ಟ್ರೈಲರಿನ ಮೇಲೇ ವಿಮಾನ ಕಟ್ಟುತ್ತಾರೆ. ಫೋನು ಇಟ್ಟು ನಾನು ಅಳಬೇಕಿತ್ತು. ನಾನು ಯೋಚಿಸಿದ್ದು ಟ್ರೈಲರು ಯಾರದು, ಅದರ ಅಗಲ ಎಷ್ಟು ಅಂತ. ಹೋಗುವಾಗಲೂ ನನಗೆ ಕೆಲಸ ಹಚ್ಚಿ ಹೋದನಲ್ಲ ಅಂತ ಸಿಟ್ಟೂ ಬಂತು. ಆದರೆ ಬಸ್ಸಿನಲ್ಲಿ ಕೂತಾಗ ಕೈಬೆರಳು ತಾವೇ ಮೊಣಕಾಲಿನ ಮೇಲೆ ಗೀಟು ಎಳೆಯುತ್ತಿದ್ದವು. ಪ್ರೀತಿಯಿಂದ ಕಟ್ಟಲು ಹೊರಟೆ ಅಂದುಕೊಳ್ಳಬೇಡಿ. ಗೆಲ್ಲಲಿಕ್ಕೆ ಹೊರಟೆ. ಈ ಸಲ ಅವನು ಕಟ್ಟುವ ಹಾಗಿರಲಿಲ್ಲ, ಕೂರುವುದಷ್ಟೇ ಅವನ ಪಾಲು. ಅವನ ಊರಿನ ಅಷ್ಟೂ ಜನ ನನ್ನ ಗಾಡಿಯನ್ನು ನೋಡುವವರಿದ್ದರು.

ಹೊಳಲ್ಕೆರೆಯ ಪಕ್ಕದ ಅವನ ಹಳ್ಳಿಯಲ್ಲಿ ಮನೆಯ ಮುಂದೆ ಟ್ರೈಲರು ನಿಂತಿತ್ತು. ನೆಂಟರು ಬಾಳೆಕಂದು, ಚೆಂಡುಹೂವು, ಬಣ್ಣದ ಕಾಗದ, ಅವನ ದೊಡ್ಡ ಫೋಟೋದ ಫ್ಲೆಕ್ಸು ಎಲ್ಲ ತಂದಿಟ್ಟಿದ್ದರು. ನಾನು ಪಂಚೆ ಎತ್ತಿ ಕಟ್ಟಿ ಶುರುಮಾಡಿದೆ. ನಾಲ್ಕು ಮೂಲೆಗೆ ಬಾಳೆಕಂದು, ಮೇಲೆ ಕಮಾನು, ಕಮಾನಿನ ತುಂಬ ಹೂವು, ಹಿಂದೆ ಫ್ಲೆಕ್ಸು, ಪಕ್ಕಕ್ಕೆ ಮೂರು ಬಣ್ಣದ ಪಟ್ಟಿ. ಕಟ್ಟಿ ಮುಗಿಸಿ ಕೆಳಗಿಳಿದು, ದೂರ ನಿಂತು ನೋಡಿದೆ. ಎಲ್ಲಾನೂ ನಾನೇ ಹೇಳಿಬಿಟ್ಟಿದ್ದೆ.

ಮತ್ತೆ ಹತ್ತಿ ಒಂದೊಂದಾಗಿ ಕೀಳತೊಡಗಿದೆ. ಫ್ಲೆಕ್ಸು ಕಿತ್ತೆ. ಕಮಾನು ಕಿತ್ತೆ. ಕಾಗದ ಕಿತ್ತೆ. ಊರಿನ ಹಿರಿಯರೊಬ್ಬರು, 'ಏನ್ರಿ ಇದು, ವಿಮಾನ ಇಲ್ದಂಗೆ ಕಳಸ್ತೀರೇನು?' ಅಂತ ರೇಗಿದರು. ಅವನ ಹೆಂಡತಿ ಬಾಗಿಲಲ್ಲಿ ನಿಂತು, 'ಅಣ್ಣಾರು ಮಾಡ್ದಂಗೆ ಮಾಡ್ಲಿ, ಸುಮ್ನಿರ್ರಿ' ಅಂದರು. ಹಳ್ಳದ ದಂಡೆಯಿಂದ ಎರಡು ಈಚಲ ಗರಿ ತರಿಸಿ ಹಿಂದೆ ಎರಡು ಕಡೆಗೆ ಬಾಗಿಸಿ ಕಟ್ಟಿದೆ. ನಡುವೆ ಹುಲ್ಲು ಹಾಸಿ, ಕೌದಿ ಮಡಿಸಿ ಇಟ್ಟೆ. ಹಿಂದೆ ಕಾಣದ ಹಾಗೆ ಗೂಟ ಹೊಡೆದೆ. ಅವನನ್ನು ತಂದು ಕೂರಿಸಿದ ಮೇಲೆ ಅವನ ಸೊಂಟವನ್ನು ಅವನದೇ ಪಂಚೆಯಿಂದ ಗೂಟಕ್ಕೆ ಬಿಗಿದೆ. ಗಂಟು ಹಾಕುವಾಗ ಬಾಯಿಗೆ ತಾನಾಗಿ ಬಂತು, 'ಗಾಡಿ ಅಲ್ಲಾಡ್ಲಿ, ನೀನ್ ಅಲ್ಲಾಡಬ್ಯಾಡ.' ಆಗ ಅಳು ಬಂತು. ಯಾರೂ ನೋಡದ ಹಾಗೆ ಈಚಲ ಗರಿಯ ಹಿಂದೆ ನಿಂತು ಅತ್ತೆ.

ಗಾಡಿ ಹೊರಟಿತು. ನಾನು ಟ್ರೈಲರಿನ ಪಕ್ಕದ ಹಲಗೆ ಹಿಡಿದುಕೊಂಡು ನಡೆದೆ. ಮುಂದೆ ಭಜನೆ, ಹಿಂದೆ ಊರು. ಶಾಲೆಯ ಮುಂದೆ ರಸ್ತೆಗೆ ಎರಡು ಹಂಪು ಹಾಕಿದ್ದರು. ಟ್ರ್ಯಾಕ್ಟರು ಜಗ್ಗಿತು, ಗರಿ ಅಲುಗಿತು, ಅವನು ಅಲುಗಲಿಲ್ಲ. ಅಗಲ ಹಣೆಯ ತುಂಬ ವಿಭೂತಿ, ಮುಖದಲ್ಲಿ ಬಸ್ಸು ಬರಲಿ ಬಿಡಲಿ ಅನ್ನುವ ಹಾಗೆ ಒಂದು ನಿರಾಳ. ಭಜನೆಯವರು ಹಿಂದೆ ತಿರುಗಿ ನೋಡಿದವರು ಹಾಡು ನಿಲ್ಲಿಸಿಬಿಟ್ಟರು. ಮೊಬೈಲು ಎತ್ತಿದ್ದ ಕೈಗಳು ಇಳಿದವು. ರಸ್ತೆಯ ಎರಡೂ ಕಡೆ ಜನ ಬಾಯಿ ಮುಚ್ಚಿಕೊಂಡು ನಿಂತರು. ನಾನು ಇಡೀ ಆಯುಷ್ಯ ಕಾದಿದ್ದ ಸದ್ದಿಲ್ಲದ ಆ ಹೊತ್ತು ಅಲ್ಲಿ ಬಂದು ನಿಂತಿತ್ತು.

ಜಗಲಿಯ ಮೇಲೆ ನಿಂತಿದ್ದ ಹೆಂಗಸೊಬ್ಬಳು ಮೆಲ್ಲಗೆ ಪಕ್ಕದವಳನ್ನು ಕೇಳಿದಳು.

'ಇದನ್ನ ಯಾರೇ ಕಟ್ಟಿದ್ದು?'

ನನ್ನ ಕಾಲು ನಿಂತಿತು.

'ಇನ್ಯಾರೇ, ಮೇಷ್ಟ್ರೇ. ಅವ್ರ ಕೈ ಗೊತ್ತಾಗಲ್ವಾ? ಹೋಗೋಕ್ ಮುಂಚೆನೇ ಎಲ್ಲಾ ಕಟ್ಟಿಟ್ಟು ಹೋಗವ್ರೆ.' ಹಾಗೆ ಹೇಳಿದವಳು ಹಲಗೆ ಹಿಡಿದಿದ್ದ ನನ್ನ ಕಡೆ ತಿರುಗಿ, 'ಹೌದಲ್ರೀ?' ಅಂದಳು.

ಹೊಟ್ಟೆಯಲ್ಲಿ ಹಳೆಯ ಕಿಚ್ಚು ಭಗ್ಗೆಂದು ಹತ್ತಿತು. ಎಷ್ಟು ಕಾಲವಾಗಿತ್ತೋ ಅದು ಹತ್ತಿ. ಅಲ್ಲಮ್ಮಾ, ನಾನು ಕಟ್ಟಿದ್ದು, ಹೊಸದುರ್ಗದಿಂದ ಬಂದು ನಾನು ಕಟ್ಟಿದ್ದು ಅಂತ ಕೂಗಬೇಕು ಅನ್ನಿಸಿತು. ಬಾಯಿ ತೆರೆದೆ. ಟ್ರ್ಯಾಕ್ಟರು ಆಗಲೇ ಮುಂದಕ್ಕೆ ಜಗ್ಗುತ್ತಿತ್ತು.

'ಹೂಂ ಕಣಮ್ಮ. ಅವನೇ ಕಟ್ಟಿದ್ದು' ಅಂದೆ.

ಅಂದು, ಕೇಳಿಸಿಕೊಂಡನೋ ಅಂತ ತಲೆಯೆತ್ತಿ ನೋಡಿದೆ. ಅವನು ಅಲ್ಲಾಡಲಿಲ್ಲ.